ಅಸ್ತಿಭಾರದ ಅಳತೆ

ಹಳ್ಳಿಯಲ್ಲಿ ಗೃಹಸ್ಥನೊಬ್ಬನು ಮನೆ ಕಟ್ಟಿಸಲು ತೊಡಗಿದಾಗ ಅಸ್ತಿಭಾರ ತೋಡುವ ಮೊದಲು ಮೇಸ್ತ್ರಿಯು ಒಂದು ಪ್ರಶ್ನೆಯನ್ನು ಕೇಳುತ್ತಾನೆ: “ಯಜಮಾನರೇ, ಮುಂದೆ ಮಹಡಿ ಕಟ್ಟಿಸುವ ಯೋಚನೆ ಇದೆಯೇ?” ಗೃಹಸ್ಥನ ಕೈಯಲ್ಲಿರುವ ಹಣ ಒಂದು ಅಂತಸ್ತಿಗೆ ಮಾತ್ರ ಸಾಲುತ್ತದೆ. ಮಹಡಿಯ ಮಾತು ದೂರದ್ದು. ಆದರೂ ಮೇಸ್ತ್ರಿಯ ಪ್ರಶ್ನೆಗೆ ಅಂದೇ ಉತ್ತರ ಕೊಡಬೇಕು. ಗೋಡೆಯನ್ನು ನಾಳೆ ಏರಿಸಬಹುದು, ಮಾಡನ್ನು ನಾಳೆ ಬದಲಿಸಬಹುದು. ನೆಲದೊಳಗೆ ಹುದುಗಿದ ಅಸ್ತಿಭಾರವನ್ನು ಮಾತ್ರ ನಾಳೆ ಅಗಲ ಮಾಡುವುದು ಸುಲಭವಲ್ಲ.

ದೊಡ್ಡ ಕಾರ್ಯಗಳಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಯಂತ್ರವನ್ನು ನಿರ್ಮಿಸುವುದು, ಸೇತುವೆ ಕಟ್ಟುವುದು, ನದಿಗೆ ಒಡ್ಡು ಹಾಕುವುದು ಎಂಜಿನಿಯರನ ಕೆಲಸವೆಂದು ಎಲ್ಲರೂ ಬಲ್ಲರು. ಆದರೆ ಕಟ್ಟುವುದಕ್ಕೂ ಮೊದಲು ಮತ್ತೊಂದು ಕೆಲಸವಿದೆ. ಯಾವುದನ್ನು ಕಟ್ಟಬೇಕು, ಯಾವ ತಂತ್ರವನ್ನು ಆರಿಸಬೇಕು, ಇಂದು ಎಷ್ಟು, ನಾಳೆಗೆ ಎಷ್ಟು ಎಂಬುದನ್ನು ನಿರ್ಧರಿಸುವುದೇ ಆ ಕೆಲಸ. ಇದು ಕಣ್ಣಿಗೆ ಕಾಣುವಂಥದಲ್ಲ. ಕಾವೇರಿ ನದಿಯ ದಡದಲ್ಲಿ ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ ಕೈಗೊಂಡ ಕೆಲವು ನಿರ್ಧಾರಗಳ ಕಥೆ ಇಂಥ ಕೆಲಸದ ಸ್ವರೂಪವನ್ನು ಚೆನ್ನಾಗಿ ತಿಳಿಸಿಕೊಡುತ್ತದೆ.

ಆ ಕಥೆ ಆರಂಭವಾಗುವುದು ನದಿಯ ಬಳಿಯಲ್ಲಲ್ಲ, ಕೋಲಾರದ ಚಿನ್ನದ ಗಣಿಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆ ಗಣಿಗಳು ದಿನದಿನಕ್ಕೆ ಆಳಕ್ಕೆ ಇಳಿಯುತ್ತಿದ್ದುವು. ಆಳ ಹೆಚ್ಚಿದಂತೆಲ್ಲ ಅದುರನ್ನು ಮೇಲೆತ್ತಲು, ಒಸರುವ ನೀರನ್ನು ಹೊರಹಾಕಲು, ಒಳಗೆ ದುಡಿಯುವವರಿಗೆ ಗಾಳಿಯನ್ನು ಒದಗಿಸಲು, ಕಲ್ಲನ್ನು ಕುಟ್ಟಿ ಪುಡಿ ಮಾಡಲು ಹೆಚ್ಚು ಹೆಚ್ಚು ಶಕ್ತಿ ಬೇಕಾಯಿತು. ಆಗ ಇದ್ದುದು ಉಗಿಯಂತ್ರಗಳು. ಅವುಗಳಿಗೆ ಸೌದೆ ಬೇಕು. ಇಲ್ಲವೇ ದೂರದಿಂದ ರೈಲಿನಲ್ಲಿ ತರಿಸುವ ಕಲ್ಲಿದ್ದಲು ಬೇಕು. ಸುತ್ತಣ ಕಾಡು ಬರಿದಾಗುತ್ತಿತ್ತು. ಕಲ್ಲಿದ್ದಲಿನ ಬೆಲೆ ಹೊರೆಯಾಗುತ್ತಿತ್ತು.

ಇತ್ತ ಶಿವನಸಮುದ್ರದಲ್ಲಿ ಕಾವೇರಿಯು ಕವಲೊಡೆದು ಬಂಡೆಗಳ ಮೇಲಿನಿಂದ ಧುಮ್ಮಿಕ್ಕುತ್ತಿದ್ದಳು. ಬೀಳುವ ನೀರಿನಲ್ಲಿ ಶಕ್ತಿಯಿದೆ ಎಂಬುದು ತಿಳಿದ ವಿಷಯವೇ. ತೊಡಕಿದ್ದುದು ದೂರದಲ್ಲಿ. ಜಲಪಾತಕ್ಕೂ ಗಣಿಗಳಿಗೂ ನಡುವೆ ವಿದ್ಯುತ್ತಿನ ತಂತಿ ಹಾಯಬೇಕಾದ ದಾರಿ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರು. ಶಕ್ತಿ ಒಂದೆಡೆ, ಅದರ ಅಗತ್ಯ ಇನ್ನೊಂದೆಡೆ.

ವಿದ್ಯುತ್ತನ್ನು ಸಾಗಿಸಲು ಆ ಕಾಲದಲ್ಲಿ ಎರಡು ಪದ್ಧತಿಗಳು ಪೈಪೋಟಿ ನಡೆಸುತ್ತಿದ್ದುವು. ಒಂದು, ಒಂದೇ ದಿಕ್ಕಿನಲ್ಲಿ ಹರಿಯುವ ಏಕಮುಖ ಪ್ರವಾಹ. ಅಮೆರಿಕದ ಎಡಿಸನ್ ಇದರ ಪಕ್ಷಪಾತಿ. ಇನ್ನೊಂದು, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಪರ್ಯಾಯ ಪ್ರವಾಹ. ತಂತಿಯಲ್ಲಿ ಹರಿಯುವ ಪ್ರವಾಹ ಹೆಚ್ಚಿದಷ್ಟೂ ಶಕ್ತಿಯು ಶಾಖವಾಗಿ ದಾರಿಯಲ್ಲೇ ಸೋರಿಹೋಗುತ್ತದೆ. ಒತ್ತಡವನ್ನು, ಎಂದರೆ ವೋಲ್ಟೇಜನ್ನು ಏರಿಸಿದರೆ ಅಷ್ಟೇ ಶಕ್ತಿಯನ್ನು ಕಡಮೆ ಪ್ರವಾಹದಲ್ಲಿ ಸಾಗಿಸಬಹುದು, ಸೋರಿಕೆಯೂ ತಗ್ಗುತ್ತದೆ. ಪರ್ಯಾಯ ಪ್ರವಾಹದ ಒತ್ತಡವನ್ನು ಟ್ರಾನ್ಸ್‌ಫಾರ್ಮರ್ ಎಂಬ ಸಾಧನದಿಂದ ಸುಲಭವಾಗಿ ಏರಿಸಲೂ ಇಳಿಸಲೂ ಬರುತ್ತದೆ. ಅಂದಿನ ಏಕಮುಖ ಪ್ರವಾಹಕ್ಕೆ ಈ ಅನುಕೂಲವಿರಲಿಲ್ಲ. ಅಮೆರಿಕದ ನಯಾಗರ ಜಲಪಾತದಿಂದ ಸುಮಾರು 26 ಮೈಲಿ ದೂರದ ಬಫಲೋ ನಗರಕ್ಕೆ 1896ರಲ್ಲಿ ಪರ್ಯಾಯ ಪ್ರವಾಹವನ್ನು ಸಾಗಿಸಿದುದು ಇದರ ಶಕ್ಯತೆಯನ್ನು ತೋರಿಸಿಕೊಟ್ಟಿತು.

ಆದರೆ 26 ಮೈಲಿಯೆಲ್ಲಿ, 92 ಮೈಲಿಯೆಲ್ಲಿ! ಹೊಸ ತಂತ್ರವನ್ನು ನಂಬಿ ಸಂಸ್ಥಾನದ ಹಣವನ್ನು ತೊಡಗಿಸಬೇಕೇ, ಇತರರು ಮೊದಲು ಮಾಡಿ ತೋರಿಸಲೆಂದು ಕಾಯಬೇಕೇ? ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರು ಕಣ್ಣು ಮುಚ್ಚಿ ನಂಬಲೂ ಇಲ್ಲ, ಕೈ ಕಟ್ಟಿ ಕುಳಿತುಕೊಳ್ಳಲೂ ಇಲ್ಲ. ಸಂಸ್ಥಾನದ ಎಂಜಿನಿಯರ್ ಆಗಿದ್ದ ಜೋಲಿ ದ ಲಾಬಿನಿಯರ್ ಎಂಬ ಅಧಿಕಾರಿಯು ಅಮೆರಿಕ, ಯೂರೋಪುಗಳಿಗೆ ಹೋಗಿ ಅಲ್ಲಿನ ವಿದ್ಯುದಾಗಾರಗಳನ್ನು ನೋಡಿ, ತಜ್ಞರೊಡನೆ ಸಮಾಲೋಚಿಸಿ ಬಂದನು. ವಿದ್ಯುತ್ತನ್ನು ಕೊಳ್ಳುವುದಾಗಿ ಗಣಿ ಕಂಪನಿಗಳಿಂದ ಮೊದಲೇ ಒಪ್ಪಂದವನ್ನು ಪಡೆಯಲಾಯಿತು. ತಂತ್ರದ ಪರೀಕ್ಷೆ ಒಂದು ಕಡೆ, ಗಿರಾಕಿಯ ಭರವಸೆ ಇನ್ನೊಂದು ಕಡೆ. ಇವೆರಡೂ ಕೂಡಿದ ಮೇಲೆಯೇ ಕೆಲಸ ಮುಂದುವರಿಯಿತು. 1902ರ ಜೂನ್ 30ರಂದು ಸುಮಾರು 30,000 ವೋಲ್ಟುಗಳ ಆಸುಪಾಸಿನ ಒತ್ತಡದಲ್ಲಿ ಕಾವೇರಿಯ ವಿದ್ಯುತ್ತು ಕೋಲಾರವನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. ಅದನ್ನು ನೋಡುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗೆ ಇರಲಿಲ್ಲ; ಅವರು 1901ರಲ್ಲಿಯೇ ತೀರಿಕೊಂಡಿದ್ದರು.

ಗೆದ್ದ ನಿರ್ಧಾರವು ಹೊಸ ಸಮಸ್ಯೆಗಳನ್ನು ಹುಟ್ಟಿಸುವುದುಂಟು. ವಿದ್ಯುತ್ತಿನ ರುಚಿ ಕಂಡ ಗಣಿಗಳು ಇನ್ನಷ್ಟು ಕೊಡಿ ಎಂದು ಕೇಳತೊಡಗಿದುವು. ಆದರೆ ಕಾವೇರಿ ಮಳೆಯನ್ನು ನಂಬಿದ ನದಿ. ಕೊಡಗಿನಲ್ಲಿ ಮುಂಗಾರು ಸುರಿದಾಗ ದಡ ಮೀರಿ ಹರಿಯುವವಳು ಬೇಸಗೆಯಲ್ಲಿ ಸೊರಗಿ ಬಂಡೆಗಳ ನಡುವೆ ತೆವಳುತ್ತಾಳೆ. ಗಣಿಯಾದರೋ ಮಳೆಗಾಲ, ಬೇಸಗೆ ಎಂಬ ಭೇದವನ್ನು ಅರಿಯದು. ನೀರೆತ್ತುವ ಯಂತ್ರ ನಿಂತರೆ ಗಣಿಯೇ ಮುಳುಗೀತು. ಹೀಗಾಗಿ ಮಳೆಗಾಲದ ನೀರನ್ನು ಮೇಲ್ದಂಡೆಯಲ್ಲಿ ಎಲ್ಲಿಯಾದರೂ ಹಿಡಿದಿಟ್ಟು ಬೇಸಗೆಯಲ್ಲಿ ಬಿಡಬೇಕಾಯಿತು. ವಿದ್ಯುತ್ತಿನ ಪ್ರಶ್ನೆ ಜಲಾಶಯದ ಪ್ರಶ್ನೆಯಾಗಿ ಬೆಳೆಯಿತು.

1909ರಲ್ಲಿ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದಾಗ ಸನ್ನಿವೇಶ ಹೀಗಿತ್ತು. ಶ್ರೀರಂಗಪಟ್ಟಣದ ಸಮೀಪದ ಕನ್ನಂಬಾಡಿಯ ಬಳಿ ಅಣೆಕಟ್ಟು ಕಟ್ಟಿದರೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಈ ಮೂರರ ನೀರನ್ನೂ ಹಿಡಿಯಬಹುದಾಗಿತ್ತು. ಕೇವಲ ಗಣಿಗಳಿಗಾಗಿ ಸಣ್ಣ ಒಡ್ಡನ್ನು ಕಟ್ಟಿ ಸುಮ್ಮನಾಗಬಹುದಿತ್ತು. ಆದರೆ ವಿಶ್ವೇಶ್ವರಯ್ಯನವರ ದೃಷ್ಟಿ ಮಂಡ್ಯದ ಸುತ್ತಣ ಒಣಭೂಮಿಯ ಮೇಲೂ ಹರಿದಿತ್ತು. ಅಲ್ಲಿನ ರೈತನಿಗೂ ನೀರು, ಗಣಿಗೂ ವಿದ್ಯುತ್ತು, ಎರಡನ್ನೂ ಒಂದೇ ಕಟ್ಟೆಯಿಂದ ಪಡೆಯುವುದು ಅವರ ಯೋಜನೆ. ಅದಕ್ಕೆ 124 ಅಡಿ ನೀರು ನಿಲ್ಲುವ ಅಣೆಕಟ್ಟು ಬೇಕು. ವೆಚ್ಚ ಎರಡೂವರೆ ಕೋಟಿ ರೂಪಾಯಿಗೂ ಮಿಕ್ಕುತ್ತಿತ್ತು. ಅಂದಿನ ಮೈಸೂರು ಸಂಸ್ಥಾನಕ್ಕೆ ಅದು ಬೆಚ್ಚಿಬೀಳಿಸುವ ಮೊತ್ತ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ವಿಶ್ವೇಶ್ವರಯ್ಯನವರು ಗಾದೆಯನ್ನು ಮೀರಲಿಲ್ಲ; ಕೆಲಸವನ್ನು ಎರಡು ಹಂತಗಳಾಗಿ ವಿಭಾಗಿಸಿದರು. ಮೊದಲ ಹಂತದಲ್ಲಿ 80 ಅಡಿಯ ಕಟ್ಟೆ. ಅದರಿಂದ ಶಿವನಸಮುದ್ರಕ್ಕೆ ಬೇಸಗೆಯಲ್ಲಿಯೂ ನೀರು ದೊರೆತು, ವಿದ್ಯುತ್ತಿನ ಆದಾಯ ಹೆಚ್ಚುತ್ತದೆ. ಎರಡನೆಯ ಹಂತದಲ್ಲಿ ಕಟ್ಟೆಯನ್ನು ಪೂರ್ಣ ಎತ್ತರಕ್ಕೆ ಏರಿಸಿ ನಾಲೆಗಳಿಗೆ ನೀರು ಹರಿಸುವುದು. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು 1911ರ ಅಕ್ಟೋಬರಿನಲ್ಲಿ ಮೊದಲ ಹಂತಕ್ಕೆ 81 ಲಕ್ಷ ರೂಪಾಯಿಗಳ ಮಂಜೂರಾತಿ ನೀಡಿದರು.

ಆದರೆ ನದಿ ಒಂದೇ ರಾಜ್ಯದ ಸೊತ್ತಲ್ಲ. ಕೆಳದಂಡೆಯ ತಂಜಾವೂರಿನ ಗದ್ದೆಗಳು ಶತಮಾನಗಳಿಂದ ಕಾವೇರಿಯನ್ನು ನಂಬಿದ್ದುವು. ಹೊಸ ಅಣೆಕಟ್ಟುಗಳಿಗೆ ಮದರಾಸು ಸರ್ಕಾರದ ಒಪ್ಪಿಗೆ ಬೇಕೆಂಬ ಒಪ್ಪಂದವೂ 1892ರಿಂದ ಜಾರಿಯಲ್ಲಿತ್ತು. ಮದರಾಸು ಒಪ್ಪಲಿಲ್ಲ; ಮೆಟ್ಟೂರಿನಲ್ಲಿ ತನ್ನದೇ ಜಲಾಶಯವನ್ನು ಕಟ್ಟುವ ಆಲೋಚನೆ ಅದಕ್ಕಿತ್ತು. ವಿವಾದವು ಭಾರತ ಸರ್ಕಾರದವರೆಗೆ ಹೋಯಿತು. ಅಲ್ಲಿಂದ ಸಿಕ್ಕ ಅನುಮತಿ ಮೊದಲ ಹಂತಕ್ಕೆ ಮಾತ್ರ. 41,500 ದಶಲಕ್ಷ ಘನ ಅಡಿ ನೀರನ್ನು ಹಿಡಿಯುವ ಯೋಜನೆ ಇದ್ದಲ್ಲಿ 11,000 ದಶಲಕ್ಷ ಘನ ಅಡಿಯಷ್ಟಕ್ಕೆ ಒಪ್ಪಿಗೆ ದೊರೆಯಿತು. ಪೂರ್ಣ ಎತ್ತರದ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು.

ಈಗ ಹಳ್ಳಿಯ ಮೇಸ್ತ್ರಿಯ ಪ್ರಶ್ನೆಯೇ ಕನ್ನಂಬಾಡಿಯಲ್ಲಿ ಎದುರಾಯಿತು. ಕಟ್ಟಲು ಅನುಮತಿಯಿರುವುದು 80 ಅಡಿಯ ಕಟ್ಟೆ. ಅಸ್ತಿಭಾರವನ್ನು ತೋಡಬೇಕಾದುದು 80 ಅಡಿಗೋ, 124 ಅಡಿಗೋ?

ಈ ಪ್ರಶ್ನೆಯ ತೂಕ ತಿಳಿಯಲು ಸ್ವಲ್ಪ ಗಣಿತ ಬೇಕು. ನೀರಿನ ಒತ್ತಡ ಆಳದೊಂದಿಗೆ ಹೆಚ್ಚುತ್ತದೆ. ಕಟ್ಟೆಯ ಮೇಲೆ ನೀರು ಹಾಕುವ ಒಟ್ಟು ನೂಕುಬಲವು ನೀರಿನ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ. 80 ಅಡಿ ನೀರು ನಿಂತಾಗ ಕಟ್ಟೆಯ ಒಂದೊಂದು ಅಡಿ ಉದ್ದದ ಮೇಲೂ ಸುಮಾರು 90 ಟನ್ನುಗಳ ನೂಕು ಬೀಳುತ್ತದೆ. 124 ಅಡಿ ನಿಂತಾಗ ಅದು ಸುಮಾರು 218 ಟನ್ನು. ಎತ್ತರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿದರೆ ನೂಕುಬಲ ಎರಡೂಕಾಲು ಪಟ್ಟನ್ನೂ ಮೀರುತ್ತದೆ. ಕಟ್ಟೆಯನ್ನು ಮಗುಚಿಹಾಕಲು ಯತ್ನಿಸುವ ಬಲವಾದರೋ ಎತ್ತರದ ಘನಕ್ಕೆ ಅನುಗುಣವಾಗಿ ಬೆಳೆದು, ಮೂರೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಕನ್ನಂಬಾಡಿಯಂಥ ಕಲ್ಲಿನ ಕಟ್ಟೆ ತನ್ನ ತೂಕದಿಂದಲೇ ನಿಲ್ಲತಕ್ಕದ್ದು. ಆದುದರಿಂದ ಎತ್ತರಕ್ಕೆ ತಕ್ಕಂತೆ ಅದರ ಬುಡವೂ ಅಗಲವಾಗಿರಬೇಕು. ಕಿರಿದಾದ ಬುಡದ ಮೇಲೆ ಎತ್ತರವನ್ನು ಹೇರಲಾಗದು. ಜಲಾಶಯದಲ್ಲಿ ನೀರು ತುಂಬಿದ ಮೇಲೆ ನದಿಯ ತಳದಲ್ಲಿ ಹೊಸ ಅಸ್ತಿಭಾರವನ್ನು ಹಳೆಯದಕ್ಕೆ ಬೆಸೆಯುವುದು ಕಷ್ಟದ, ಅಪಾಯದ, ಅಪಾರ ವೆಚ್ಚದ ಕೆಲಸ.

ಮೈಸೂರು 124 ಅಡಿಗೆ ಬೇಕಾದ ಅಸ್ತಿಭಾರವನ್ನೇ ಹಾಕಲು ನಿರ್ಧರಿಸಿತು. ಇದು ಜೂಜಾಗಿರಲಿಲ್ಲ, ಅಳೆದು ತೂಗಿದ ನಿರ್ಧಾರವಾಗಿತ್ತು. ತೀರ್ಪು ಪ್ರತಿಕೂಲವಾದರೆ ಅಗಲವಾದ ಬುಡಕ್ಕೆ ಹಾಕಿದ ಹೆಚ್ಚಿನ ಹಣ ನಷ್ಟ. ಆ ನಷ್ಟಕ್ಕೆ ಒಂದು ಮಿತಿಯಿತ್ತು. ಅದನ್ನು ಮೊದಲೇ ಲೆಕ್ಕ ಹಾಕಬಹುದಿತ್ತು. ತೀರ್ಪು ಅನುಕೂಲವಾಗಿದ್ದು ಬುಡ ಕಿರಿದಾಗಿದ್ದರೆ ಆಗುವ ನಷ್ಟವೋ, ಒಂದು ಸೀಮೆಯ ಮುಂದಿನ ತಲೆಮಾರುಗಳದು. ಒಂದು ನಷ್ಟವನ್ನು ಭರಿಸಬಹುದು, ಇನ್ನೊಂದನ್ನು ಸರಿಪಡಿಸಲಾಗದು ಎಂದಿದ್ದಾಗ ವಿವೇಕಿಯು ಭರಿಸಬಹುದಾದುದನ್ನು ಆರಿಸಿಕೊಳ್ಳುತ್ತಾನೆ. ಹಣವಿಲ್ಲದ ಕಡೆ ಎತ್ತರವನ್ನು ಮುಂದೂಡಬಹುದು, ಅಸ್ತಿಭಾರವನ್ನು ಮುಂದೂಡಲಾಗದು.

1914ರಲ್ಲಿ ಸರ್ ಹೆನ್ರಿ ಗ್ರಿಫಿನ್ ಅವರ ಪಂಚಾಯಿತಿಯ ತೀರ್ಪು ಮೈಸೂರಿನ ಪರವಾಗಿ ಬಂದಿತು. ಮದರಾಸು ಅದನ್ನು ಪ್ರಶ್ನಿಸಿದ್ದರಿಂದ ವಿವಾದ ಮುಂದುವರಿದು, ಕೊನೆಗೆ 1924ರ ಫೆಬ್ರವರಿಯಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. 1911ರಲ್ಲಿ ಹಾಕತೊಡಗಿದ ಅಸ್ತಿಭಾರ 1924ರ ಒಪ್ಪಿಗೆಗಾಗಿ ನೆಲದಲ್ಲಿ ಕಾದು ಕುಳಿತಿತ್ತೆಂದೇ ಹೇಳಬೇಕು. 1931ರ ಹೊತ್ತಿಗೆ ಸುಮಾರು 8,600 ಅಡಿ ಉದ್ದ, 130 ಅಡಿ ಎತ್ತರದ ಕೃಷ್ಣರಾಜಸಾಗರ ಅಣೆಕಟ್ಟು ಪೂರ್ಣಗೊಂಡಿತು. ವಿಶ್ವೇಶ್ವರಯ್ಯನವರು ದಿವಾನ ಪದವಿಯನ್ನು ಬಿಟ್ಟು ಆಗಲೇ ಹನ್ನೆರಡು ವರ್ಷಗಳಿಗೂ ಮೇಲಾಗಿತ್ತು.

ಈ ಕಟ್ಟೆಯ ಗಾರೆಯೂ ಒಂದು ನಿರ್ಧಾರದ ಫಲವೇ. ಕೆಲಸ ಆರಂಭವಾದಾಗ ಭಾರತದಲ್ಲಿ ಸಿಮೆಂಟಿನ ಕಾರ್ಖಾನೆಗಳು ಇನ್ನೂ ನೆಲೆಗೊಂಡಿರಲಿಲ್ಲ; ಹಡಗಿನಲ್ಲಿ ತರಿಸುವ ಸಿಮೆಂಟಿಗೆ ದುಬಾರಿ ಬೆಲೆ. ಆದುದರಿಂದ ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯನ್ನು ಆರಿಸಿಕೊಳ್ಳಲಾಯಿತು. ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಆದರೆ ನೀರಿನಲ್ಲಿಯೂ ಗಟ್ಟಿಯಾಗುತ್ತದೆ. ಸಿಮೆಂಟಿನಷ್ಟು ಶಾಖವನ್ನು ಹೊರಸೂಸದುದರಿಂದ ದಪ್ಪ ಗೋಡೆಗಳಲ್ಲಿ ಬಿರುಕಿನ ಭಯವೂ ಕಡಮೆ. ಶಿವನಸಮುದ್ರದಲ್ಲಿ ಜಗತ್ತಿನ ಹೊಸ ತಂತ್ರವನ್ನು ಬಳಸಿದ ಅದೇ ಸಂಸ್ಥಾನ ಕನ್ನಂಬಾಡಿಯಲ್ಲಿ ಹಳೆಯ ತಂತ್ರವನ್ನು ಆರಿಸಿಕೊಂಡಿತು. ಹೊಸದೆಂಬ ಕಾರಣಕ್ಕೆ ಹಿಡಿಯುವುದೂ ಹಳೆಯದೆಂಬ ಕಾರಣಕ್ಕೆ ಬಿಡುವುದೂ ಜಾಣತನವಲ್ಲ. ಕೆಲಸಕ್ಕೆ ಒದಗುವುದೇ ಒಳ್ಳೆಯ ತಂತ್ರ.

ಎಲ್ಲ ನಿರ್ಧಾರಗಳೂ ಹೀಗೆ ಕಾಲದ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಶಿವನಸಮುದ್ರದ ಮೊದಲ ಯಂತ್ರಗಳು ಸೆಕೆಂಡಿಗೆ 25 ಆವರ್ತಗಳ ಪರ್ಯಾಯ ಪ್ರವಾಹವನ್ನು ಉತ್ಪಾದಿಸುತ್ತಿದ್ದುವು. ಭಾರಿ ಯಂತ್ರಗಳಿಗೆ ಅದು ಹೊಂದುತ್ತದೆಂದು ಆ ಕಾಲದ ತಜ್ಞರು ತಿಳಿದಿದ್ದರು. ಮುಂದೆ ಭಾರತದಲ್ಲಿ 50 ಆವರ್ತಗಳ ಪದ್ಧತಿಯೇ ಸರ್ವಸಾಮಾನ್ಯವಾಯಿತು. 25 ಆವರ್ತಗಳ ವ್ಯವಸ್ಥೆಯನ್ನು 50 ಆವರ್ತಗಳ ವ್ಯವಸ್ಥೆಯೊಡನೆ ನೇರವಾಗಿ ಜೋಡಿಸಲು ಬರುವುದಿಲ್ಲ. ನಡುವೆ ಆವರ್ತಗಳನ್ನು ಬದಲಿಸುವ ಯಂತ್ರ ಬೇಕು. ಅಂದಿನವರು ತಪ್ಪು ಮಾಡಿದರೆಂದು ಇದರ ಅರ್ಥವಲ್ಲ. ಯಾವ ಪದ್ಧತಿ ಉಳಿದೀತೆಂದು 1902ರಲ್ಲಿ ಯಾರೂ ಖಚಿತವಾಗಿ ಹೇಳಬಲ್ಲವರಾಗಿರಲಿಲ್ಲ. ಮೊದಲಿಗರಾಗಿ ನಡೆದವರು ಕೆಲವೊಮ್ಮೆ ತಾವೇ ತುಳಿದ ಹಾದಿಗೆ ತೆರಿಗೆ ತೆರಬೇಕಾಗುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಜಲಾಶಯದ ನೀರು ನಿಂತ ನೆಲ ಬರಿಯ ನೆಲವಾಗಿರಲಿಲ್ಲ. ಅಲ್ಲಿ ಊರುಗಳಿದ್ದುವು, ಹೊಲಗಳಿದ್ದುವು, ಗುಡಿಗಳಿದ್ದುವು. ಹೆಸರು ಕೊಟ್ಟ ಕನ್ನಂಬಾಡಿಯೇ ನೀರಿನ ಪಾಲಾಯಿತು. ಸಾವಿರಾರು ಜನ ಮನೆಮಠಗಳನ್ನು ಬಿಟ್ಟು ಹೊಸ ಊರುಗಳಿಗೆ ಹೋಗಬೇಕಾಯಿತು. ಅವರಿಗೆ ಬದಲಿ ಭೂಮಿ, ಮನೆಗಳನ್ನು ಕೊಟ್ಟುದು ನಿಜ. ಹುಟ್ಟಿದೂರನ್ನು ಯಾವ ಸರ್ಕಾರವೂ ಬದಲಿ ಕೊಡಲಾರದು. ನೀರಿನ ಹಂಚಿಕೆಯ ವಿವಾದವೂ 1924ಕ್ಕೆ ಮುಗಿಯಲಿಲ್ಲ. 1990ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದರೂ ಮಳೆ ತಪ್ಪಿದ ವರ್ಷಗಳಲ್ಲಿ ಎರಡೂ ದಂಡೆಯ ರೈತರ ಕಳವಳ ಮರುಕಳಿಸುತ್ತದೆ. ಅಡಿ, ಟನ್ನು, ರೂಪಾಯಿಗಳ ಲೆಕ್ಕದೊಂದಿಗೆ ಯಾರಿಗೆ ಲಾಭ, ಯಾರಿಗೆ ನೋವು ಎಂಬ ಲೆಕ್ಕವನ್ನೂ ಇಡದ ಯೋಜನೆ ಅಪೂರ್ಣವಾದುದು.

ಈ ಕಥೆಗೆ ಮೂಲವಾದ ಕೋಲಾರದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರಲ್ಲಿ ಮುಚ್ಚಿಹೋದುವು. ಯಾವ ಗಿರಾಕಿಗಾಗಿ ತಂತಿ ಎಳೆದು, ಕಟ್ಟೆಯ ಮೊದಲ ಹಂತವನ್ನು ಕಟ್ಟಿದರೋ ಆ ಗಿರಾಕಿಯೇ ಇಲ್ಲವಾದನು. ಗಣಿಗಳಿಗೆಂದೇ ಸಣ್ಣ ಒಡ್ಡನ್ನು ಕಟ್ಟಿದ್ದರೆ ಅದರ ಉದ್ದೇಶವೂ ಅಂದೇ ಮುಗಿಯುತ್ತಿತ್ತು. ಆದರೆ ಕೃಷ್ಣರಾಜಸಾಗರದ ನೀರು ಇಂದಿಗೂ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಕಬ್ಬು, ಬತ್ತಗಳನ್ನು ಬೆಳೆಸುತ್ತಿದೆ. ಶಿವನಸಮುದ್ರದಲ್ಲಿ ಯಂತ್ರಗಳನ್ನು ತಿರುಗಿಸುತ್ತಿದೆ. 1974ರಿಂದ ಬೆಂಗಳೂರಿನ ಮನೆಗಳಿಗೂ ಕಾವೇರಿಯ ನೀರು ಬರುತ್ತಿದೆ. 1911ರ ಕಾಗದಪತ್ರಗಳಲ್ಲಿ ಇದನ್ನೆಲ್ಲ ಕಾಣಲು ಸಾಧ್ಯವಿರಲಿಲ್ಲ.

ಮುಂದೆ ಬರಲಿರುವುದೆಲ್ಲವನ್ನೂ ಇಂದೇ ಬಲ್ಲೆನೆನ್ನುವವನು ದೂರದರ್ಶಿಯಲ್ಲ. ತನಗೆ ತಿಳಿಯದ ನಾಳೆಗೂ ಸ್ವಲ್ಪ ಜಾಗ ಬಿಟ್ಟು ಕಟ್ಟುವವನು ದೂರದರ್ಶಿ. ಅವನು ಇಂದಿನ ಶಕ್ತಿಗೆ ತಕ್ಕಷ್ಟು ಎತ್ತರಕ್ಕೆ ಗೋಡೆಯನ್ನು ಏರಿಸುತ್ತಾನೆ. ಅಸ್ತಿಭಾರವನ್ನು ಮಾತ್ರ ಮುಂದಿನವರ ಅಗತ್ಯಕ್ಕೆ ಅಳೆದು ಹಾಕುತ್ತಾನೆ. ಕನ್ನಂಬಾಡಿಯ ಕಟ್ಟೆಯನ್ನು ನೋಡಲು ಹೋದವರ ಕಣ್ಣಿಗೆ ಅದರ ಉದ್ದ, ಎತ್ತರ, ಧುಮುಕುವ ನೀರು ಎಲ್ಲವೂ ಬೀಳುತ್ತವೆ. ಆ ಎತ್ತರವನ್ನು ಸಾಧ್ಯಗೊಳಿಸಿದ ಅಗಲವಾದ ಬುಡ ಮಾತ್ರ ಯಾರಿಗೂ ಕಾಣದೆ ನದಿಯ ತಳದಲ್ಲಿ ಭಾರ ಹೊತ್ತು ನಿಂತಿದೆ.